ನೆಲಮಟ್ಟದ ಬಿಲ್ಲುಬೇಟೆ

ನೆಲದ ಮೇಲೆ ಕೂತು ಬಿಲ್ಲಿನಿಂದ ಜಿಂಕೆ ಹೊಡೆಯುವ ಬೇಟೆಯಲ್ಲಿ ಗುರಿಯಿಡುವುದು ಕೊನೆಯ ಕೆಲಸ, ಉಳಿದವಕ್ಕೆ ಹೋಲಿಸಿದರೆ ಸುಲಭದ್ದು ಕೂಡ. ಕಷ್ಟವೆಲ್ಲ ಇರುವುದು ಅದಕ್ಕೆ ಮುಂಚಿನ ಎರಡು ಸೆಕೆಂಡುಗಳಲ್ಲಿ. ಹೆದೆಯನ್ನು ಕೆನ್ನೆಯವರೆಗೆ ಎಳೆಯುವಾಗ ತೋಳು, ಭುಜ, ಬಿಲ್ಲು ಮೂರೂ ಅಲುಗುತ್ತವೆ. ಆ ಅಲುಗಾಟ ನಡೆಯುವುದು ಜಿಂಕೆಯ ಕಣ್ಣಿನ ನೇರಕ್ಕೆ, ಇಪ್ಪತ್ತು ಗಜದೊಳಗೆ. ಕೋವಿಯವನಿಗೆ ಈ ತೊಡಕಿಲ್ಲ. ಮರದ ಮೇಲೆ ಅಟ್ಟಣೆ ಕಟ್ಟಿ ಕೂತವನಿಗೂ ಅಷ್ಟಾಗಿ ಇಲ್ಲ, ಏಕೆಂದರೆ ಜಿಂಕೆ ಮೇಲಕ್ಕೆ ನೋಡುವುದು ಕಡಿಮೆ. ಮರೆ, ಗಾಳಿ, ಬಟ್ಟೆ, ಕೂರುವ ಭಂಗಿ ಎಂದು ಈ ಬೇಟೆಯಲ್ಲಿ ಕಲಿಯುವುದೆಲ್ಲ ಆ ಎರಡು ಸೆಕೆಂಡುಗಳನ್ನು ಸಂಪಾದಿಸಿಕೊಳ್ಳುವುದಕ್ಕೇ.

ಈ ವಿದ್ಯೆ ಇಂದು ಬಹುವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಬೇಟೆಗಾರರ ಮುಖ್ಯ ಪ್ರಾಣಿ ಬಿಳಿಬಾಲದ ಜಿಂಕೆ. 20ನೇ ಶತಮಾನದ ಆರಂಭದ ಹೊತ್ತಿಗೆ ಎಗ್ಗಿಲ್ಲದ ಬೇಟೆಯಿಂದ ಕೆಲವೇ ಲಕ್ಷಕ್ಕೆ ಇಳಿದಿದ್ದ ಅವುಗಳ ಸಂಖ್ಯೆ ಈಗ ಸುಮಾರು ಮೂರು ಕೋಟಿ ಎಂದು ಅಂದಾಜು. ಬೇಟೆಗೆ ಋತು, ಪರವಾನಗಿ, ತಲೆಗಿಷ್ಟೇ ಎಂಬ ಮಿತಿ ಬಂದದ್ದು, ಕೋವಿ-ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಆರೈಕೆಗೆ ಮೀಸಲಿಟ್ಟ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಜಾರಿಯಾದದ್ದು ಈ ಚೇತರಿಕೆಯ ಹಿಂದಿವೆ. 1970ರ ದಶಕದಲ್ಲಿ ಬಿಲ್ಲು-ಬಾಣಗಳೂ ಆ ತೆರಿಗೆಯೊಳಗೆ ಸೇರಿದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಬ್ರಿಟನ್ನಿನಲ್ಲಿ ಜಿಂಕೆಗೆ ಬಾಣ ಬಿಡುವುದು ಕಾನೂನುಬಾಹಿರ. ಹಾಗಾಗಿ ಮುಂದಿನದೆಲ್ಲ ಕಡಲಾಚೆಯ ಕಾಡಿನ ಮಾತು.

ಬಿಲ್ಲುಬೇಟೆಯ ಬೇರು ಹಲವು ದೇಶಗಳಲ್ಲಿ ಆಳಕ್ಕಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯನ್ನು ಅರಸರ ವಿನೋದಗಳಲ್ಲೊಂದಾಗಿ ವಿವರಿಸಿದ್ದಾನೆ. ಅಮೆರಿಕದ ಈಗಿನ ಪರಂಪರೆ ಮಾತ್ರ ಒಬ್ಬ ಮನುಷ್ಯನ ಬಳಿಗೆ ಹೋಗಿ ನಿಲ್ಲುತ್ತದೆ. ಯಾಹಿ ಬುಡಕಟ್ಟಿನಲ್ಲಿ ಕೊನೆಗೆ ಉಳಿದಿದ್ದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಕಾಡಿನಿಂದ ಹೊರಬಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನಿಗೆ ನೆಲೆ ಸಿಕ್ಕಿತು. 1916ರಲ್ಲಿ ಕ್ಷಯದಿಂದ ತೀರಿಕೊಳ್ಳುವ ಮುನ್ನ ಅವನು ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನಿಗೆ ಬಿಲ್ಲು ಮಾಡುವುದನ್ನೂ ಹೊಂಚಿ ಕೂರುವುದನ್ನೂ ಕಲಿಸಿದ. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ; ಬೆಳಗ್ಗೆ ಮಿಂದು ಹೊರಡುತ್ತಿದ್ದ. ಎಲೆಯೊಂದನ್ನು ಮಡಿಸಿ ತುಟಿಗಿಟ್ಟು ಮರಿಯ ದನಿ ಹೊರಡಿಸಿ ಜಿಂಕೆಯನ್ನು ಹತ್ತಿರ ಕರೆಯುತ್ತಿದ್ದ. ದೂರದಿಂದ ಹೊಡೆಯುವ ಚಪಲ ಅವನಿಗಿರಲಿಲ್ಲ. ಪೋಪ್ 1923ರಲ್ಲಿ ಬರೆದ ಬಿಲ್ಲುಬೇಟೆಯ ಪುಸ್ತಕ ಒಂದು ತಲೆಮಾರಿನ ಕೈಗೆ ಬಿಲ್ಲು ಕೊಟ್ಟಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗಾಗಿಯೇ ಜಿಂಕೆ ಬೇಟೆಯ ಋತುವೊಂದನ್ನು ತೆರೆಯಿತು. ಮಿಷಿಗನ್ನಿನ ಫ್ರೆಡ್ ಬೇರ್ ಬಿಲ್ಲುಗಳ ಕಾರ್ಖಾನೆ ಕಟ್ಟಿ, ಬೇಟೆಯ ಚಿತ್ರಗಳನ್ನು ತೆಗೆದು ಈ ಹವ್ಯಾಸವನ್ನು ಮನೆಮಾತಾಗಿಸಿದ. ಮಿಸ್ಸೌರಿಯ ಹಾಲೆಸ್ ವಿಲ್ಬರ್ ಆ್ಯಲನ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕ ಕಾಂಪೌಂಡ್ ಬಿಲ್ಲು ಲೆಕ್ಕಾಚಾರವನ್ನೇ ಬದಲಿಸಿತು. ಗಾಲಿಗಳಿಂದಾಗಿ ಹೆದೆ ಪೂರ್ತಿ ಹಿಂದಕ್ಕೆ ಬಂದಮೇಲೆ ಭಾರ ಮುಕ್ಕಾಲು ಪಾಲು ಇಳಿಯುತ್ತದೆ. 60 ಪೌಂಡಿನ ಬಿಲ್ಲನ್ನು ಸುಮಾರು 15 ಪೌಂಡಿನ ಬಲದಲ್ಲಿ ಹಿಡಿದು ಕಾಯಬಹುದು. ಹಳೆಯ ಮಾದರಿಯ ಉದ್ದಬಿಲ್ಲಿನಲ್ಲಿ ಆ ರಿಯಾಯಿತಿ ಇಲ್ಲ: ಎಳೆದರೆ ಬಿಡಲೇಬೇಕು, ಇಲ್ಲವೇ ತೋಳು ನಡುಗುತ್ತದೆ. ನೆಲದ ಮೇಲೆ ಕೂರುವವನಿಗೆ ಗಾಲಿಬಿಲ್ಲಿನ ದೊಡ್ಡ ಉಪಕಾರ ವೇಗವಲ್ಲ, ಈ ಕಾಯುವ ಸವಲತ್ತು.

ಎದುರಿಗಿರುವ ಪ್ರಾಣಿಯ ಇಂದ್ರಿಯಗಳು ಗೊತ್ತಿಲ್ಲದೆ ಈ ಬೇಟೆ ಅರ್ಥವಾಗುವುದಿಲ್ಲ. ಜಿಂಕೆಯ ಕಣ್ಣುಗಳು ತಲೆಯ ಪಕ್ಕಕ್ಕಿವೆ. ಬೆನ್ನ ಹಿಂದಿನ ಒಂದು ಸಣ್ಣ ಭಾಗ ಬಿಟ್ಟರೆ ಸುತ್ತ ಎಲ್ಲವೂ ಅದರ ನೋಟದೊಳಗೇ. ಆದರೆ ಆ ನೋಟ ಚಲನೆಗೆ ಚುರುಕು, ಆಕಾರಕ್ಕೆ ಮಂದ. ಬಣ್ಣದ ವಿಷಯದಲ್ಲಿ ಅದಕ್ಕೆ ಎರಡೇ ಬಗೆಯ ಶಂಕುಕೋಶಗಳಿವೆ ಎಂದು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಸಂಶೋಧನೆ ತೋರಿಸಿತು. ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು-ಕಿತ್ತಳೆ ಮಾಸಲಾಗುತ್ತವೆ. ಕಾಡಿನಲ್ಲಿ ಮನುಷ್ಯರಿಗೆ ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಜಿಂಕೆಗೆ ಏನೂ ಅಲ್ಲ. ನೀಲಿ ಜೀನ್ಸ್ ಮಾತ್ರ ಎದ್ದು ಕಾಣುತ್ತದೆ. ಅತಿನೇರಳೆಯನ್ನು ಅಷ್ಟಿಷ್ಟು ಕಾಣಬಲ್ಲ ಕಣ್ಣಾದ್ದರಿಂದ, ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ಒಗೆದ ಮರೆಬಟ್ಟೆಯನ್ನು ಅನುಭವಿಗಳು ಉಡುವುದಿಲ್ಲ. ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಇವೆರಡಕ್ಕೂ ಮೇಲಿನದು ಮೂಗು. ಕಂಡದ್ದನ್ನು ಅನುಮಾನಿಸಿದ ಜಿಂಕೆ ಕಾಲು ನೆಲಕ್ಕೆ ಅಪ್ಪಳಿಸಿ, ತಲೆ ಏರಿಳಿಸಿ ಪರೀಕ್ಷೆ ಮಾಡುತ್ತದೆ. ಮೂಗಿಗೆ ಬಡಿದದ್ದರ ಬಗ್ಗೆ ಅದಕ್ಕೆ ಅನುಮಾನವೇ ಇಲ್ಲ, ಬಾಲ ಎತ್ತಿ ಓಡುತ್ತದೆ.

ಹಾಗಾಗಿ ಜಾಗ ಹುಡುಕುವುದು ಗಾಳಿಯಿಂದ ಶುರುವಾಗುತ್ತದೆ. ಅಟ್ಟಣೆಯವನ ವಾಸನೆ ಒಮ್ಮೊಮ್ಮೆ ಜಿಂಕೆಯ ತಲೆಯ ಮೇಲಿಂದ ತೇಲಿಹೋದೀತು. ನೆಲದವನದು ಅದರ ಮೂಗಿನ ಎತ್ತರದಲ್ಲೇ ಹರಿಯುತ್ತದೆ. ಜಿಂಕೆ ಬರುವ ದಾರಿಯಿಂದ ತನ್ನ ಕಡೆಗೆ ನೇರವಾಗಿ ಗಾಳಿ ಬೀಸಬೇಕು ಎಂಬುದು ಪುಸ್ತಕದ ಪಾಠ. ನಿಜಕ್ಕೂ ಹೆಚ್ಚು ಫಲ ಕೊಡುವುದು ಅಡ್ಡಗಾಳಿ. ಏಕೆಂದರೆ ಬಲಿತ ಗಂಡು ಕೂಡ ಗಾಳಿಯನ್ನು ಓದುತ್ತಲೇ ನಡೆಯುತ್ತದೆ, ತನಗೆ ಪೂರ್ತಿ ಪ್ರತಿಕೂಲವಾದ ದಾರಿಯಲ್ಲಿ ಬರುವುದು ಅಪರೂಪ. ಗುಡ್ಡಗಾಡಿನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ: ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ಸಂಜೆ ತಂಪಾಗುತ್ತಲೇ ಕಣಿವೆಗೆ ಇಳಿಯುತ್ತದೆ. ಬೆಳಗಿನ ಒಳ್ಳೆಯ ಜಾಗ ಸಂಜೆಗೆ ಕೆಟ್ಟ ಜಾಗ. ಗಾಳಿ ನೋಡಲು ಅಂಗಡಿಯಲ್ಲಿ ಪುಡಿಯ ಬುಡ್ಡಿಗಳು ಸಿಗುತ್ತವೆ, ಆದರೆ ಪುಡಿ ನಾಲ್ಕು ಅಡಿಯಲ್ಲೇ ಮಾಯ. ಬಲ್ಲವರು ಜೇಬಿನಲ್ಲಿಟ್ಟುಕೊಳ್ಳುವುದು ಮಿಲ್ಕ್‌ವೀಡ್ ಕಾಯಿಯ ರೇಷ್ಮೆಯಂಥ ನಾರನ್ನು. ನಮ್ಮ ಎಕ್ಕದ ಕುಟುಂಬದ್ದೇ ಗಿಡ ಅದು. ಒಂದೆಳೆ ತೇಲಿಬಿಟ್ಟರೆ ಮೂವತ್ತು ನಲವತ್ತು ಗಜದಾಚೆ ಗಾಳಿ ಎಲ್ಲಿ ಸುಳಿಯುತ್ತದೆ, ಎಲ್ಲಿ ಹಿಂದಕ್ಕೆ ಹೊರಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ವಾಸನೆ ನುಂಗುವುದಾಗಿ ಹೇಳಿಕೊಳ್ಳುವ ದುಬಾರಿ ಬಟ್ಟೆಗಳಿಗಿಂತ ಬಿಟ್ಟಿ ಸಿಗುವ ಈ ನಾರು ಮೇಲು.

ಮೇವಿನ ಹೊಲಕ್ಕೂ ಮಲಗುವ ಪೊದೆಗೂ ನಡುವಿನ ಇಕ್ಕಟ್ಟಾದ ಕಾಡುಪಟ್ಟಿ, ತೊರೆ ದಾಟುವ ಕಡವು, ಓಕ್ ಕಾಯಿ ಉದುರುವ ಮರದ ಸುತ್ತು ಇವು ಹೊಂಚುವ ಠಾವುಗಳು. ನವೆಂಬರಿನ ಬೆದೆಗಾಲದಲ್ಲಿ ಗಂಡುಗಳು ಕೊಂಬು ಉಜ್ಜಿದ ಮರ, ಗೊರಸಿನಿಂದ ಕೆರೆದ ನೆಲವೂ ಸುಳಿವು ಕೊಡುತ್ತವೆ. ಆಗ ಅವು ಹಗಲಲ್ಲೂ ಎಚ್ಚರಗೇಡಿಯಾಗಿ ಅಲೆಯುತ್ತವೆ.

ಮರೆಗಳಲ್ಲಿ ಎರಡು ಬಗೆ. ಬಿದ್ದ ಮರದ ಬೇರುಗುಡ್ಡೆ, ಪೊದೆ, ಬಂಡೆಯ ಸಂದು ಸಹಜ ಮರೆಗಳು. ಇಲ್ಲಿ ಹೊಸಬರು ಮುಂದಿನ ಅಡ್ಡಕ್ಕೇ ಹೆಚ್ಚು ಗಮನ ಕೊಡುತ್ತಾರೆ. ಮನುಷ್ಯನ ಮೈಗೆರೆಯನ್ನು ಅಳಿಸುವುದು ಮುಂದಿನ ಸೊಪ್ಪಲ್ಲ, ಬೆನ್ನ ಹಿಂದಿನ ಕತ್ತಲು. ದಪ್ಪ ಕಾಂಡಕ್ಕೋ ಪೊದೆಗೋ ಬೆನ್ನು ಕೊಟ್ಟು ನೆರಳಲ್ಲಿ ಕೂತವನು ಮುಂದೆ ಬರೀ ಮೊಣಕಾಲೆತ್ತರದ ಅಡ್ಡವಿದ್ದರೂ ಕಾಣುವುದಿಲ್ಲ. ಕಾಲಡಿಯ ತರಗೆಲೆಯನ್ನು ಮಣ್ಣು ಕಾಣುವವರೆಗೆ ಸರಿಸಬೇಕು. ತಿರುಗಿ ಕೂರುವಾಗ ಒಣ ಎಲೆ ಮುರಿದ ಸದ್ದು ಸಾಕು, ಬೇಟೆ ಮುಗಿಯಲು. ಬಲಗೈಯವನು ಜಿಂಕೆ ಬರುವ ದಿಕ್ಕಿಗೆ ಎಡಭುಜ ಬರುವಂತೆ ಕೂರುತ್ತಾನೆ, ಹೆದೆ ಎಳೆಯಲು ಅದೇ ಸಲೀಸು. ಬಿಲ್ಲಿನ ಕೆಳತುದಿ ತೊಡೆಗೋ ಕೊಂಬೆಗೋ ತಾಗದಂತೆ ಮೊದಲೇ ಎಳೆದು ನೋಡಿಕೊಳ್ಳುವುದು ವಾಡಿಕೆ.

ಎರಡನೆಯದು ಕೊಡೆಯಂತೆ ಬಿಚ್ಚಿಕೊಳ್ಳುವ ಬಟ್ಟೆಯ ಗೂಡಾರ. ಚಲನೆಯನ್ನು ಅದು ಪೂರ್ತಿ ನುಂಗಿಬಿಡುತ್ತದೆ, ಮಕ್ಕಳನ್ನು ಕೂರಿಸಿಕೊಂಡು ಕಲಿಸುವವರಿಗೂ ಅನುಕೂಲ. ಆದರೆ ಕಾಡಿನಲ್ಲಿ ರಾತ್ರೋರಾತ್ರಿ ಎದ್ದ ಚೌಕವನ್ನು ಬಿಳಿಬಾಲದ ಜಿಂಕೆ ನಂಬುವುದಿಲ್ಲ; ವಾರಗಳ ಮುಂಚೆಯೇ ನಿಲ್ಲಿಸಿ ಅಲ್ಲಿನದೇ ಸೊಪ್ಪುಸದೆ ಹೊದಿಸಬೇಕು. ಹಿಂಬದಿಯ ಕಿಟಕಿಗಳನ್ನು ಮುಚ್ಚಿ, ಒಳಗೆ ಕಪ್ಪು ಬಟ್ಟೆ ತೊಟ್ಟು, ಕಿಟಕಿಯಿಂದ ಹಿಂದೆ ಸರಿದು ಕೂತರೆ ಹೊರಗಿನಿಂದ ಕಾಣುವುದು ಬರೀ ಕತ್ತಲು. ಇಲ್ಲಿಯೇ ಒಂದು ಮೋಸವಿದೆ. ಬಾಣ ಇರುವುದು ಕಣ್ಣಿನ ನೇರಕ್ಕಿಂತ ಕೆಲವು ಅಂಗುಲ ಕೆಳಗೆ. ಗುರಿಕಾಯಿಯಲ್ಲಿ ಜಿಂಕೆ ಸ್ಪಷ್ಟವಾಗಿ ಕಂಡರೂ ಬಾಣ ಕಿಟಕಿಯ ಅಂಚಿಗೇ ಬಡಿಯಬಹುದು. ಕೋವಿ ಬೇಟೆಯ ಋತುವೂ ಜೊತೆಗೇ ನಡೆಯುವಾಗ ಹಲವು ರಾಜ್ಯಗಳು ಗೂಡಾರದ ಹೊರಗೆ ಕಿತ್ತಳೆ ಬಟ್ಟೆ ಕಟ್ಟಲು ಹೇಳುತ್ತವೆ. ಮರೆಯಲ್ಲಿ ಕೂತವನನ್ನು ಇನ್ನೊಬ್ಬ ಬೇಟೆಗಾರ ಕಾಣಲಾರ ಎಂಬುದೇ ನೆಲದ ಬೇಟೆಯ ಅಪಾಯ. ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಮಾತ್ರ ಇಲ್ಲಿಲ್ಲ.

ಕೂರದೆ ನಡೆದೂ ಬೇಟೆಯಾಡುತ್ತಾರೆ: ಮಳೆ ನಿಂತ ಮೇಲೆ ತೊಯ್ದ ಎಲೆಗಳ ಮೇಲೆ ಎರಡು ಹೆಜ್ಜೆ ಇಟ್ಟು ಹತ್ತು ನಿಮಿಷ ನಿಲ್ಲುವ ಪದ್ಧತಿ. ಪಶ್ಚಿಮದ ಬಯಲುಗಳಲ್ಲಿ ಮ್ಯೂಲ್ ಜಿಂಕೆ ಮಲಗಿದ್ದನ್ನು ದುರ್ಬೀನಿನಲ್ಲಿ ಗುರುತಿಸಿ, ಬೂಟು ಕಳಚಿ ಬರೀ ಕಾಲುಚೀಲದಲ್ಲಿ ತೆವಳುತ್ತಾ ಹತ್ತಿರವಾಗುವವರಿದ್ದಾರೆ. ದಟ್ಟ ಕಾಡಿನ ಬಿಳಿಬಾಲದ ಮುಂದೆ ಈ ಸಾಹಸ ಅಪರೂಪಕ್ಕೆ ಗೆಲ್ಲುತ್ತದೆ.

ಇನ್ನು ಹೆದೆ ಎಳೆಯುವ ಗಳಿಗೆ. ಜಿಂಕೆಯ ಕಣ್ಣು ಮರದ ಹಿಂದೆ ಮರೆಯಾದಾಗ, ಅದು ತಲೆಯನ್ನು ಆಚೆಗೆ ತಿರುಗಿಸಿದಾಗ, ಅಥವಾ ಹಿಂದೆ ಬರುವ ಇನ್ನೊಂದರತ್ತ ನೋಡಿದಾಗ ಎಳೆಯಬೇಕು. ಮೇಯಲು ತಲೆ ಬಗ್ಗಿಸಿದ್ದನ್ನು ನಂಬುವಂತಿಲ್ಲ. ಶಂಕೆ ಬಂದ ಹೆಣ್ಣುಜಿಂಕೆ ಮೇಯುವಂತೆ ನಟಿಸಿ ತಟ್ಟನೆ ತಲೆ ಎತ್ತುತ್ತದೆ. ಅರ್ಧ ಎಳೆದ ಹೆದೆ ಆಗ ಸಿಕ್ಕಿಬೀಳುತ್ತದೆ. ನಿಜವಾಗಿ ಮೇಯುವ ಜಿಂಕೆ ಬಾಲ ಅಲ್ಲಾಡಿಸುತ್ತಾ ಬಾಯಾಡಿಸುತ್ತಿರುತ್ತದೆ, ಕಿವಿ ಸಡಿಲವಾಗಿರುತ್ತದೆ. ಎಳೆತ ನಿಧಾನವಾಗಿ, ಮೈಗೆ ಅಂಟಿಕೊಂಡಂತೆ ಇರಬೇಕು. ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆಯಬೇಕಾಗಿ ಬರುವವನ ಬಿಲ್ಲು ಅವನ ಬಲಕ್ಕೆ ಮೀರಿದ್ದು. ಹೆಚ್ಚು ಪೌಂಡಿನ ಹೆಮ್ಮೆಗಿಂತ ಕೂತಲ್ಲೇ ಸದ್ದಿಲ್ಲದೆ ಎಳೆಯಬಲ್ಲ 45-50 ಪೌಂಡು ಈ ಬೇಟೆಗೆ ಒಪ್ಪುತ್ತದೆ.

ಬಾಣ ಕೊಲ್ಲುವುದು ಗುಂಡಿನಂತೆ ಆಘಾತದಿಂದಲ್ಲ, ಹರಿತ ಅಲಗು ಕತ್ತರಿಸಿದ ರಕ್ತನಾಳಗಳಿಂದ. ಆದ್ದರಿಂದ ಗುರಿ ಎರಡೂ ಶ್ವಾಸಕೋಶ ಅಥವಾ ಹೃದಯ. ಜಿಂಕೆ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಎದೆಗೆ ಎದುರಾಗಿಯೋ ಹಿಂಬದಿಯಿಂದಲೋ ಬಿಡುವುದು ತಪ್ಪು. ಈ ಒಂದು ವಿಷಯದಲ್ಲಿ ನೆಲದವನಿಗೆ ಮೇಲುಗೈ: ಎತ್ತರದಿಂದ ಕಡಿದಾಗಿ ಇಳಿಯುವ ಬಾಣ ಒಂದೇ ಶ್ವಾಸಕೋಶಕ್ಕೆ ತಾಗಿ ಹೊರಬೀಳಬಹುದು, ಮಟ್ಟಸವಾಗಿ ಹೋದದ್ದು ಎರಡನ್ನೂ ದಾಟುತ್ತದೆ. ದೂರದ ಮಿತಿಯನ್ನು ಕಟ್ಟಿರುವುದು ಬಿಲ್ಲಿನ ಶಕ್ತಿಯಲ್ಲ, ಸದ್ದು. ಸೆಕೆಂಡಿಗೆ 82 ಮೀಟರು ಹೋಗುವ ಬಾಣಕ್ಕೆ 20 ಗಜ ದಾಟಲು ಸುಮಾರು 0.22 ಸೆಕೆಂಡು ಬೇಕು. ಹೆದೆಯ ಸದ್ದು 0.05 ಸೆಕೆಂಡಿನಲ್ಲೇ ಕಿವಿ ಮುಟ್ಟುತ್ತದೆ. ಬೆದರಿದ ಜಿಂಕೆ ನೆಗೆಯುವ ಮುನ್ನ ಕಾಲು ಮಡಿಸಿ ಕುಸಿಯುತ್ತದೆ. 30 ಗಜದಲ್ಲಿ ಆ ಕುಸಿತಕ್ಕೇ ಬಾಣ ಬೆನ್ನ ಮೇಲೆ ಹಾದುಹೋಗಬಹುದು. ಇದರಲ್ಲಿ ಕುಖ್ಯಾತಿ ಪಡೆದದ್ದು ಭಾರತದಿಂದ ಹೋದ ಚುಕ್ಕೆಜಿಂಕೆ. 1860ರ ದಶಕದಲ್ಲಿ ಹವಾಯಿಗೂ ಆಮೇಲೆ ಟೆಕ್ಸಾಸಿಗೂ ಒಯ್ದ ಅದರ ಸಂತತಿ ಈಗ ಅಲ್ಲಿ ಬಿಲ್ಲುಗಾರರ ಬೇಟೆ. ಹುಲಿಯ ಜೊತೆ ಬೆಳೆದ ಪ್ರಾಣಿಯ ಚುರುಕು ಅಲ್ಲಿಯೂ ಹೋಗಿಲ್ಲ.

ಬಾಣ ಬಿಟ್ಟ ಮೇಲೆ ಓಡಿಹೋಗಿ ನೋಡುವ ಆತುರವೇ ಬಹಳ ಜಿಂಕೆಗಳನ್ನು ಕಳೆದಿದೆ. ಜಿಂಕೆ ಹಿಂಗಾಲು ಝಾಡಿಸಿ ಓಡಿದರೆ ಎದೆಗೆ ತಾಗಿರುವ ಸಂಭವ ಹೆಚ್ಚು. ಬೆನ್ನು ಗೂನು ಮಾಡಿ ನಡೆದರೆ ಹೊಟ್ಟೆಗೆ. ಬಾಣದ ಮೇಲಿನ ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು. ಕಡುಗೆಂಪಾಗಿದ್ದರೆ ಯಕೃತ್ತು, ಮೂರು ನಾಲ್ಕು ಗಂಟೆ. ಹಸಿರು ಮೇವಿನ ವಾಸನೆ ಬಂದರೆ ಎಂಟು ಗಂಟೆಗೂ ಹೆಚ್ಚು ಕಾಯಬೇಕು. ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಹೋಗಿ ನರಳಿ ಸಾಯುತ್ತದೆ. ಹಲವು ರಾಜ್ಯಗಳು ಹಗ್ಗ ಕಟ್ಟಿದ ನಾಯಿಯಿಂದ ಜಾಡು ಹಿಡಿಯಲು ಅವಕಾಶ ಕೊಡುತ್ತವೆ. ಸಿಕ್ಕ ಜಿಂಕೆಗೆ ಪರವಾನಗಿಯ ಚೀಟಿ ಕಟ್ಟಿ, ಕರುಳು ತೆಗೆದು, ಮಾಂಸ ಬೇಗ ತಣ್ಣಗಾಗುವಂತೆ ನೋಡಿಕೊಳ್ಳಬೇಕು. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗುರುತಿಸಲಾದ, ಜಿಂಕೆಯ ಮಿದುಳನ್ನು ತಿಂದುಹಾಕುವ ಕ್ಷಯಕಾರಿ ರೋಗ ಹರಡಿರುವ ಜಿಲ್ಲೆಗಳಲ್ಲಿ ತಲೆಯನ್ನು ಪರೀಕ್ಷೆಗೆ ಒಪ್ಪಿಸುತ್ತಾರೆ. ವರದಿ ಬರುವವರೆಗೆ ಮಾಂಸವನ್ನು ಬೇರೆಯಾಗಿ ಗುರುತು ಹಾಕಿ ಫ್ರೀಜರಿನಲ್ಲಿಡುತ್ತಾರೆ. ರೋಗವಿದೆಯೆಂದು ಬಂದರೆ ತಿನ್ನುವುದಿಲ್ಲ.