ಎಂಜಿನ್ ಬಿಚ್ಚುವ ಕೈಗಳು

ಬೆಂಗಳೂರಿನ ಶಿವಾಜಿನಗರದ ಗುಜರಿ ಓಣಿಗಳಲ್ಲಿ ಹಳೆಯ ಅಂಬಾಸಿಡರ್ ಎಂಜಿನ್ ಬಿಚ್ಚುವುದನ್ನು ನಿಂತು ನೋಡಬೇಕು.

ಎಣ್ಣೆ ಬಸಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಅಂಚಿನಿಂದ ಒಳಕ್ಕೆ, ಸರದಿಯಲ್ಲಿ, ತುಸು ತುಸುವೇ ಸಡಿಲಿಸುತ್ತಾರೆ. ಒಂದೇ ಕಡೆ ಬಿಚ್ಚಿದರೆ ಹೆಡ್ಡು ಬಾಗೀತು. ಬಿಡಿಭಾಗವಾಗಿ ಮಾರಬಹುದಾದದ್ದು ತೂಕದ ಕಬ್ಬಿಣವಾದೀತು. ಜಪ್ಪಯ್ಯ ಎಂದರೂ ಕದಲದ ನಟ್ಟಿಗೆ ಗ್ಯಾಸಿನ ಉರಿ ತಾಗಿಸುತ್ತಾರೆ. ಬಿಸಿಗೆ ಹಿಗ್ಗಿ, ತುಕ್ಕಿನ ಹಿಡಿತ ಬಿಟ್ಟು, ಅದು ಕಿರ್ರೆಂದು ತಿರುಗುವ ಗಳಿಗೆ ಪಾನಾ ಹಿಡಿದ ಕೈಗೆ ಮೊದಲೇ ಗೊತ್ತು!

ಲೋಹದ ಗುರುತು ಹಿಡಿಯುವುದಂತೂ ಬಲು ಸೊಗಸಾದ ವಿದ್ಯೆ. ಆಯಸ್ಕಾಂತಕ್ಕೆ ಅಂಟದ ಪಿಸ್ಟನ್ನು ಅಲ್ಯೂಮಿನಿಯಂ. ಗ್ರೈಂಡರಿಗೆ ಒಡ್ಡಿದಾಗ ಕೆಂಪಗೆ, ಗಿಡ್ಡವಾಗಿ ಸಿಡಿಯುವ ಕಿಡಿ ಬೀಡುಕಬ್ಬಿಣದ್ದು. ಉಕ್ಕಿನ ಕಿಡಿ ಉದ್ದ, ಹೊಳಪು ಹೆಚ್ಚು. ಬೀಡು ಮುರಿದಲ್ಲಿ ಬೂದುಬಣ್ಣದ ಹರಳು ಹರಳು ಮೈ ಕಾಣುತ್ತದೆ.

ಲಾಭ ಇರುವುದು ಈ ವಿಂಗಡಣೆಯಲ್ಲೇ. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ದುಬಾರಿ, ಅದಕ್ಕಿಂತ ತಾಮ್ರ. ಪಿಸ್ಟನ್ನಿನಿಂದ ಉಕ್ಕಿನ ಪಿನ್ನು, ರಿಂಗು ಕಳಚಬೇಕು; ಸ್ಟಾರ್ಟರ್ ಮೋಟಾರಿನ ತಾಮ್ರದ ಸುರುಳಿ ಬಿಡಿಸಬೇಕು. ಅಲ್ಯೂಮಿನಿಯಂ ರಾಶಿಯಲ್ಲಿ ಕಬ್ಬಿಣ ಉಳಿದರೆ ದರ ಇಳಿಯುತ್ತದೆ.

1,489 ಸಿಸಿಯ ಈ ಹಳೆಯ ಎಂಜಿನ್ನಿನಲ್ಲಿ ಬ್ಲಾಕು, ಹೆಡ್ಡು ಎರಡೂ ಬೀಡು. ಬ್ಲಾಕಿನ ಚೂರುಗಳು ಫೌಂಡ್ರಿಗೆ ಹೋಗಿ ಕರಗಿ ಹೊಸ ಎರಕವಾಗುತ್ತವೆ. ಸವೆಯದ ಕ್ರ್ಯಾಂಕ್‌ಶಾಫ್ಟನ್ನು ಮಾತ್ರ ತಕ್ಕಡಿಗೆ ಹಾಕುವುದಿಲ್ಲ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೂ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.