ಡಬ್ಬಿ ಮೇಲೆ 7,000, ಶೀಟ್ ರೂಮಲ್ಲಿ 84

ಎಸ್‌ಎಸ್‌ಡಿ ರಿವ್ಯೂ ವಿಡಿಯೋಗಳನ್ನ ನಾನು ಕೆಲವರು ಸೀರಿಯಲ್ ನೋಡೋ ಹಾಗೆ ನೋಡ್ತೀನಿ. ಕಥೆ ಏನೂಂತ ಗೊತ್ತಿದ್ದೂ ಬಿಡೋಕಾಗಲ್ಲ. ಹೊಳೆಯೋ ಡಬ್ಬಿ, ಅದರ ಮೇಲೆ ಸೆಕೆಂಡಿಗೆ 7,000 ಎಂಬಿ, ಆಮೇಲೆ ಬೆಂಚ್‌ಮಾರ್ಕಿನ ಉದ್ದುದ್ದ ಪಟ್ಟಿಗಳು, ಕೊನೆಗೆ ‘ಕಣ್ಣು ಮುಚ್ಕೊಂಡು ತಗೊಳ್ಳಿ’. ನಾನೂ ಕಣ್ಣು ಮುಚ್ಕೊಂಡೇ ತಗೊಂಡೆ.

ಅಪ್ಪನಿಗೆ ಆಪರೇಷನ್ ಆದ ಮೇಲೆ ತಿಂಗಳಲ್ಲಿ ಎರಡು ವಾರ ದುದ್ದದಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ನ ಹೇಗೋ ಒಪ್ಪಿಸಿದ್ದೆ. ಕೆಲಸಕ್ಕೆ ತೊಂದರೆ ಆದ್ರೆ ಮಾರನೇ ದಿನವೇ ಬೆಂಗಳೂರು ಅನ್ನೋದು ಷರತ್ತು. ನಮ್ಮದು ಸಣ್ಣ ಕಂಪನಿ, ಲ್ಯಾಪ್‌ಟಾಪ್ ನಮ್ಮ ಸ್ವಂತದ್ದೇ. ಐದು ವರ್ಷ ಹಳೇದು, 256 ಜಿಬಿ ತುಂಬಿ ತುಳುಕ್ತಿತ್ತು. ಎಸ್‌ಪಿ ರೋಡಲ್ಲಿ 1 ಟಿಬಿಯ ಜೆನ್ 4 ಡ್ರೈವ್ ತಂದು ಊರಿನ ಮನೆಯ ಜಗಲಿ ಮೇಲೆ ಕೂತು ಹಾಕಿದೆ. ಹತ್ತು ನಿಮಿಷದ ಕೆಲಸ.

ಏಪ್ರಿಲ್ ಮಧ್ಯಾಹ್ನ, ಮಹಡಿ ಮೇಲಿನ ಶೀಟ್ ರೂಮು. ಒಂದು ಕಡೆ ಡೇಟಾಬೇಸ್ ರಿಸ್ಟೋರ್ ಓಡ್ತಿದೆ, ಇನ್ನೊಂದು ಕಡೆ ಕ್ಲೈಂಟ್ ಜೊತೆ ಕಾಲ್. ಸ್ಕ್ರೀನ್ ಹಂಗೇ ನಿಂತುಹೋಯ್ತು. ‘ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲ’ ಅಂದೆ. ಊರಿಂದ ಕೆಲಸ ಮಾಡೋರಿಗೆ ಈ ಸುಳ್ಳು ಯಾವಾಗಲೂ ನಾಲಿಗೆ ತುದೀಲೇ ಇರುತ್ತೆ. ರಾತ್ರಿ ಮತ್ತೆ ಅದೇ ರಿಸ್ಟೋರ್ ಓಡಿಸಿ ಡ್ರೈವಿನ ಸ್ಮಾರ್ಟ್ ಲಾಗ್ ನೋಡಿದರೆ 84 ಡಿಗ್ರಿ. ಎಚ್ಚರಿಕೆಯ ಮಿತಿ ದಾಟಿ ಎಷ್ಟು ನಿಮಿಷ ಕಳೆದಿದೆ ಅನ್ನೋ ಲೆಕ್ಕವೂ ಅದರಲ್ಲೇ ಇರುತ್ತೆ. ನನ್ನದರಲ್ಲಿ 31.

ಈಗ ಆ ವಿಡಿಯೋಗಳನ್ನ ಇನ್ನೊಂದು ಸಲ ನೋಡಿ. ಟೆಸ್ಟ್ ನಡೆಯೋದು ಎಸಿ ರೂಮಲ್ಲಿ, ಡೆಸ್ಕ್‌ಟಾಪಿನ ದೊಡ್ಡ ಮದರ್‌ಬೋರ್ಡ್ ಮೇಲೆ, ಅದೂ ಹೀಟ್‌ಸಿಂಕ್ ಕೆಳಗೆ. ಡ್ರೈವ್ ಎಷ್ಟು ಬಿಸಿಯಾಗುತ್ತೆ ಅನ್ನೋದು ಸುತ್ತಲಿನ ಗಾಳಿ ಮೇಲೆ ನಿಂತಿರೋ ಲೆಕ್ಕ. 24 ಡಿಗ್ರಿ ರೂಮಲ್ಲಿ 70 ಮುಟ್ಟೋ ಡ್ರೈವ್, ನಮ್ಮ 37 ಡಿಗ್ರಿ ಶೀಟ್ ರೂಮಲ್ಲಿ ಹೆಚ್ಚುಕಮ್ಮಿ 83. ಇನ್ನು ಲ್ಯಾಪ್‌ಟಾಪಿನ ಹೊಟ್ಟೆ ಅಂದ್ರೆ 22 ಮಿಮೀ ಅಗಲ, 80 ಮಿಮೀ ಉದ್ದದ ಪಟ್ಟಿ, ಪಕ್ಕದಲ್ಲೇ ಪ್ರೊಸೆಸರಿನ ಬಿಸಿ, ಗಾಳಿ ಆಡೋಕೆ ಜಾಗ ಇಲ್ಲ. ಭಾರ ಬಿದ್ದಾಗ ಜೆನ್ 4 ಡ್ರೈವ್‌ಗಳು ಐದಾರು ವ್ಯಾಟ್ ಎಳೀತವೆ. ಆ ಬಿಸಿ ಹೋಗೋದಾದ್ರೂ ಎಲ್ಲಿಗೆ?

ಡ್ರೈವ್ ತಪ್ಪೇನೂ ಇಲ್ಲ. ಬಿಸಿ ಜಾಸ್ತಿಯಾದಾಗ ತಾನೇ ನಿಧಾನ ಆಗಿ ಜೀವ ಉಳಿಸ್ಕೊಳ್ಳುತ್ತೆ, ಅದು ಒಳ್ಳೇ ಇಂಜಿನಿಯರಿಂಗ್. ಯಾವ ಡಿಗ್ರಿಗೆ ನಿಧಾನ ಆಗಬೇಕು ಅಂತ ಕಂಪ್ಯೂಟರೇ ಹೇಳೋ ಅವಕಾಶ 2017ರ ಎನ್‌ವಿಎಂಇ 1.3ರಿಂದ ಇದೆ. ನನ್ನ ತಕರಾರು ಇರೋದು ರಿವ್ಯೂ ಮಾಡೋರ ಬಗ್ಗೆ. 7,000 ಅನ್ನೋದು ದೊಡ್ಡ ಫೈಲನ್ನ ಒಂದೇ ಸಮನೆ ಓದುವಾಗಿನ ವೇಗ, ಅದೂ ‘ವರೆಗೆ’. ನನ್ನ ಹಳೇ ಲ್ಯಾಪ್‌ಟಾಪಿನ ಸ್ಲಾಟ್ ಜೆನ್ 3, ಎಷ್ಟೇ ಒದ್ದಾಡಿದರೂ 3,500ರ ಆಸುಪಾಸು. ಕೋಡ್ ಕಂಪೈಲ್ ಮಾಡುವಾಗ, ಬ್ರೌಸರ್ ತೆಗೆಯುವಾಗ ನಡೆಯೋ ಚಿಲ್ಲರೆ ಓದು, ಒಂದಾದ ಮೇಲೊಂದು 4 ಕೆಬಿ ತುಣುಕು, ಅದರಲ್ಲಿ ಒಳ್ಳೊಳ್ಳೇ ಜೆನ್ 4 ಡ್ರೈವ್‌ಗಳೂ ಸೆಕೆಂಡಿಗೆ 100 ಎಂಬಿ ದಾಟೋಕೆ ಏದುಸಿರು ಬಿಡ್ತವೆ. ಅಂದ್ರೆ ನಾನು ಹೆಚ್ಚಿಗೆ ಕೊಟ್ಟ ದುಡ್ಡಿಗೆ ಬಂದಿದ್ದು ಬಿಸಿ ಮಾತ್ರ.

ವೇಗ ಬಿದ್ದಾಗೆಲ್ಲ ಬಿಸೀನೇ ಕಾರಣ ಅನ್ನೋದೂ ಇನ್ನೊಂದು ಅರ್ಧ ತಿಳುವಳಿಕೆ. ಬರೆಯುವಾಗ ಎಸ್‌ಎಲ್‌ಸಿ ಕ್ಯಾಶ್ ತುಂಬಿದರೂ ವೇಗ ಧಡಕ್ಕನೆ ಇಳಿಯುತ್ತೆ. 55 ಡಿಗ್ರಿಯಲ್ಲೇ ಕುಸಿದ್ರೆ ಕ್ಯಾಶ್ ಅಂದ್ಕೊಳ್ಳಿ, 80ರ ಮೇಲೆ ಕುಸಿದ್ರೆ ಬಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಸ್ಕಿನ ಪ್ರಾಪರ್ಟೀಸ್ ತೆಗೆದ್ರೆ ತಾಪಮಾನ ಕಾಣ್ಸುತ್ತೆ. ರಿವ್ಯೂ ಮಾಡೋರು ಎರಡು ಗ್ರಾಫನ್ನ ಅಕ್ಕಪಕ್ಕ ಇಟ್ಟಿದ್ರೆ ಮುಗೀತಿತ್ತು, ಇಡಲ್ಲ.

‘ಹೀಟ್‌ಸಿಂಕ್ ಹಾಕ್ಬಿಡಿ’ ಅನ್ನೋ ಸಲಹೆಯೂ ಡೆಸ್ಕ್‌ಟಾಪಿನವರದ್ದೇ. ಪಿಎಸ್5 ಒಳಗೆ ಹೀಟ್‌ಸಿಂಕ್ ಸೇರಿ 11.25 ಮಿಮೀ ದಪ್ಪದವರೆಗೆ ಜಾಗ ಇದೆ. ನನ್ನ ಲ್ಯಾಪ್‌ಟಾಪಲ್ಲಿ ಡ್ರೈವಿಗೂ ತಳದ ಮುಚ್ಚಳಕ್ಕೂ ನಡುವೆ ಒಂದೂವರೆ ಮಿಮೀ ಇದ್ದರೆ ಹೆಚ್ಚು. ಅಳೀತಾ ಕೂತಿದ್ದಾಗ ಅಪ್ಪ ಬಂದು ಬಗ್ಗಿ ನೋಡಿದ್ರು. “ಇದ್ಕೆ ಗಾಳಿ ಎತ್ತಗಿಂದ ಬತ್ತದ್ಲಾ?” ಬರಲ್ಲ ಅಂದೆ. “ಆಲೆಮನೇಲಿ ಪಾಕನ ಕೊಪ್ಪರಿಗೇಲೇ ಬುಟ್ರೆ ಆರ್ತದಾ? ಅಗಲ್ವಾಗಿ ಸುರೀಬೇಕು ಕಣ್ಲಾ.” ಥರ್ಮಲ್ ಪ್ಯಾಡ್ ಮಾಡೋದೂ ಅಷ್ಟೇ. ಡ್ರೈವಿನ ಚಿಪ್‌ಗಳ ಮೇಲೆ ತೆಳು ಪ್ಯಾಡ್ ಇಟ್ಟರೆ ಬಿಸಿ ತಳದ ಲೋಹದ ಮುಚ್ಚಳಕ್ಕೆ ಹರಡುತ್ತೆ. ಮುಚ್ಚಳ ಪ್ಲಾಸ್ಟಿಕ್ ಆದ್ರೆ ಹೆಚ್ಚು ಪ್ರಯೋಜನ ಇಲ್ಲ. ಪ್ಯಾಡ್ ದಪ್ಪ ಜಾಸ್ತಿಯಾದ್ರೆ ಡ್ರೈವ್ ಬಗ್ಗುತ್ತೆ. ಲೇಬಲ್ ಕಿತ್ತರೆ ವಾರಂಟಿ ಹೋಗಬಹುದು. ಕೆಲವು ಕಂಪನಿಗಳ ಲೇಬಲ್ ಒಳಗೆ ಬಿಸಿ ಹರಡೋಕೇ ಅಂತ ತಾಮ್ರದ ಹಾಳೆಯೂ ಇರುತ್ತೆ.

1 ಮಿಮೀ ಪ್ಯಾಡಿಗೆ 84 ಇದ್ದಿದ್ದು 74ಕ್ಕೆ ಇಳೀತು. ಬಿಸಿ ಮಾಯ ಆಗಲಿಲ್ಲ, ನನ್ನ ತೊಡೆಗೆ ಬಂತು. ಲುಂಗಿ ಉಟ್ಕೊಂಡು ಮಡಿಲಲ್ಲಿಟ್ಟು ಕೆಲಸ ಮಾಡೋ ಸುಖ ಅಲ್ಲಿಗೆ ಮುಗೀತು.

ಇನ್ನೊಂದು ಭಯಾನೂ ಇತ್ತು. ಜೆಡೆಕ್‌ನ ಮಾನದಂಡದ ಪ್ರಕಾರ, ಬರೆಯೋ ಆಯಸ್ಸೆಲ್ಲ ಸವೆದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟಿಲ್ಲದೆ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಳ್ಳಬೇಕು, ಆದರೆ 30 ಡಿಗ್ರಿಯಲ್ಲಿ. ಬಿಸಿ ಏರಿದ ಹಾಗೆ ಆ ಅವಧಿ ಕಮ್ಮಿ ಆಗ್ತಾ ಹೋಗುತ್ತೆ. ಹೊಸ ಡ್ರೈವಿಗೆ ಇದು ಚಿಂತೆಯಲ್ಲ. ಹಳೇ 256ನ್ನ ಮಾತ್ರ ಶೀಟ್ ರೂಮಿನ ಅಟ್ಟದಿಂದ ಇಳಿಸಿ, ಅದರಲ್ಲಿದ್ದ ಅಕ್ಕನ ಮದುವೆ ಫೋಟೋಗಳನ್ನ ಬೇರೆ ಕಡೆ ಕಾಪಿ ಮಾಡ್ದೆ.

ಮೇ ತಿಂಗಳಲ್ಲಿ ಆ ಡ್ರೈವನ್ನ ಗೆಳೆಯನ ಡೆಸ್ಕ್‌ಟಾಪಿಗೆ ಕೊಟ್ಟೆ. ಅಲ್ಲಿ ಮದರ್‌ಬೋರ್ಡಿನ ಹೀಟ್‌ಸಿಂಕ್ ಕೆಳಗೆ 52ರಲ್ಲಿ ಆರಾಮಾಗಿದೆ. ನಾನು 3,500ರ ಜೆನ್ 3 ಡ್ರೈವ್ ತಂದೆ, ಚಿಪ್‌ಗಳು ಒಂದೇ ಬದಿಗೆ ಇರೋದು, ಕರೆಂಟೂ ಕಮ್ಮಿ ಎಳೆಯೋದು. ಅದನ್ನ ಮೆಚ್ಚಿದ ಒಂದು ವಿಡಿಯೋನೂ ಸಿಗಲಿಲ್ಲ. ಅದೇ ರೂಮು, ಅದೇ ರಿಸ್ಟೋರ್, 66 ಡಿಗ್ರಿ. ಎರಡು ವಾರದ ದುದ್ದ ಇನ್ನೂ ನಡೀತಿದೆ, ಅಪ್ಪ ಈಗ ಗದ್ದೆ ತನಕ ನಡ್ಕೊಂಡು ಹೋಗಿ ಬರ್ತಾರೆ.