ಸಂತೆಯನ್ನು ಬಿಟ್ಟ ತೀರ್ಪು

ತೆಂಕಾಶಿಯ ಬಸ್ ನಿಲ್ದಾಣದಲ್ಲಿ 1999ರಲ್ಲಿ ಮಹಿಳೆಯೊಬ್ಬರ ಜೊತೆ ಅಸಭ್ಯವಾಗಿ ನಡೆದುಕೊಂಡ ಪೊಲೀಸನನ್ನು ಇಲಾಖೆ ಕೆಲಸದಿಂದ ತೆಗೆಯಿತು. ಸಾಕ್ಷಿಗಳು ತಿರುಗಿಬಿದ್ದು ಕ್ರಿಮಿನಲ್ ಮೊಕದ್ದಮೆ ಬಿದ್ದುಹೋಯಿತು. ಅದನ್ನೇ ಆಧರಿಸಿ ಹೈಕೋರ್ಟ್ ವಜಾ ಆದೇಶವನ್ನೂ ರದ್ದು ಮಾಡಿತು. 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ದೀಪಕ್ ಮಿಶ್ರಾ ವಜಾವನ್ನು ಎತ್ತಿಹಿಡಿದರು. ಅಷ್ಟಕ್ಕೆ ಸುಮ್ಮನಾಗದೆ, ಸಾರ್ವಜನಿಕ ಜಾಗಗಳಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳ ತಡೆಯಲು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟರು. ಅದು ದೊಡ್ಡ ಕೆಲಸ. ಆ ನಿರ್ದೇಶನಗಳನ್ನು ಇವತ್ತು ಜನ ತುಂಬಿದ ಮಾರುಕಟ್ಟೆಯಲ್ಲಿ ನಿಂತು ಓದಿದರೆ ಮಾತ್ರ ಒಂದು ಕೊರತೆ ಎದ್ದು ಕಾಣುತ್ತದೆ.

ಮಫ್ತಿಯ ಮಹಿಳಾ ಪೊಲೀಸರು ಎಲ್ಲೆಲ್ಲಿರಬೇಕು ಎಂಬ ಪಟ್ಟಿಯಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೋ, ಚಿತ್ರಮಂದಿರ, ಮಾಲ್, ಉದ್ಯಾನ, ಕಡಲತೀರ, ದೇವಸ್ಥಾನ ಎಲ್ಲ ಇವೆ. ಸಂತೆ ಇಲ್ಲ, ತರಕಾರಿ ಮಾರುಕಟ್ಟೆ ಇಲ್ಲ. ಕೊನೆಗೊಂದು ‘ಇತ್ಯಾದಿ’ ಇದೆ, ನಿಜ. ಆದರೆ ಹನ್ನೆರಡು ಹದಿಮೂರರ ಹುಡುಗಿ ಅಮ್ಮನ ಜೊತೆ ವಾರವಾರ ಹೋಗುವ ಜಾಗ ಮಾಲ್ ಅಲ್ಲ, ಸಂತೆ. ಅದನ್ನು ‘ಇತ್ಯಾದಿ’ಯೊಳಗೆ ತುರುಕುವುದು ನ್ಯಾಯವಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಳೆಕಂಬ, ತಾವರೆ, ಸೇವಂತಿಗೆ ಮಾರುಗಳ ನಡುವೆ ಹುಡುಗಿ ಎರಡೂ ಕೈಯಲ್ಲಿ ಚೀಲ ಹಿಡಿದಿರುತ್ತಾಳೆ. ಅಡ್ಡ ಹಿಡಿಯಲು ಕೈಯೇ ಖಾಲಿ ಇಲ್ಲ. ಹಿಂದಿನಿಂದ ಯಾರದೋ ಕೈ ತಾಗುತ್ತದೆ. ತಿರುಗಿದರೆ ಹತ್ತು ಮುಖ, ಎಲ್ಲವೂ ಎತ್ತಲೋ ನೋಡುತ್ತಿರುತ್ತವೆ. ಅಮ್ಮನಿಗೆ ಹೇಳಿದರೆ “ಸುಮ್ನೆ ಬಾ, ಮುಂದೆ ನಡಿ” ಎಂಬ ಉತ್ತರ. ಅಮ್ಮನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವಳೂ ಆ ವಯಸ್ಸಿನಲ್ಲಿ ಹಾಗೆಯೇ ಮುಂದೆ ನಡೆದವಳು.

ತೀರ್ಪು ಕ್ಯಾಮೆರಾವನ್ನು ಬಹಳ ನಂಬುತ್ತದೆ. ಕಂಬದ ಮೇಲಿನ ಕ್ಯಾಮೆರಾಗೆ ಇಂಥ ಗುಂಪಿನಲ್ಲಿ ಕಾಣುವುದು ತಲೆಗಳು. ಕೈಗಳು ಕಾಣುವುದು ನೆಲದ ಮೇಲೆ ಕುಕ್ಕೆ ಇಟ್ಟುಕೊಂಡು ಕುಳಿತ ಹೂವಮ್ಮನಿಗೆ. ಅವಳ ಕಣ್ಣಿರುವುದೇ ಆ ಎತ್ತರದಲ್ಲಿ. “ಏಯ್, ಕೈ ತೆಗಿಯೋ” ಎಂದು ಅವಳು ಕೂಗಿದಾಗ ಗುಂಪು ತಾನಾಗಿ ಸರಿದು ದಾರಿಯಾಗುತ್ತದೆ. ಹಾಗೆ ಕೂಗಿದವಳ ಬೆನ್ನಿಗೆ ನಿಲ್ಲುವ ಯಾವ ಏರ್ಪಾಡೂ ತೀರ್ಪಿನಲ್ಲಿಲ್ಲ. ದಾರಿಹೋಕರು ಪೊಲೀಸರಿಗೆ ತಿಳಿಸಬೇಕು ಎಂಬಲ್ಲಿಗೆ ಅದು ನಿಲ್ಲುತ್ತದೆ. ದಾರಿಹೋಕರು ಹೊರಟುಹೋಗುತ್ತಾರೆ; ನಾಳೆಯೂ ಅಲ್ಲೇ ವ್ಯಾಪಾರಕ್ಕೆ ಕೂರಬೇಕಾದವಳು ಅವಳು.

ಇದೇ ತೀರ್ಪು ಬಸ್ಸಿನ ವಿಷಯದಲ್ಲಿ ಎಷ್ಟು ಗಟ್ಟಿಯಾಗಿದೆ ನೋಡಿ. ಕಿರುಕುಳಕ್ಕೊಳಗಾದವರು ದೂರಿದರೆ ಸಿಬ್ಬಂದಿ ಬಸ್ಸನ್ನು ನೇರ ಠಾಣೆಗೆ ಒಯ್ಯಬೇಕು, ತಪ್ಪಿದರೆ ಪರ್ಮಿಟ್ ರದ್ದಾಗಬೇಕು. ಇಲ್ಲಿ ಹೊಣೆ ಯಾರದು, ತಪ್ಪಿದರೆ ಏನು ಎಂಬುದರಲ್ಲಿ ಗೊಂದಲವಿಲ್ಲ. ಆ ಸ್ಪಷ್ಟತೆ ಮಾರುಕಟ್ಟೆಗೂ ಬೇಕಿತ್ತು. ಮಾರುಕಟ್ಟೆಗೆ ದಿಕ್ಕುದೆಸೆ ಇಲ್ಲವೆಂದಲ್ಲ. ನಮ್ಮ ಊರುಗಳಲ್ಲಿ ಪಂಚಾಯಿತಿಗಳು ಸಂತೆ ಸುಂಕದ ವಸೂಲಿಯನ್ನು ಹರಾಜು ಹಾಕುತ್ತವೆ. ಗುತ್ತಿಗೆ ಹಿಡಿದವರ ಹುಡುಗರು ಚೀಟಿಪುಸ್ತಕ ಹಿಡಿದು ಕೊತ್ತಂಬರಿ ಕಟ್ಟು ಇಟ್ಟುಕೊಂಡ ಅಜ್ಜಿಯನ್ನೂ ಬಿಡದೆ ಸಾಲುಸಾಲು ತಿರುಗುತ್ತಾರೆ. ಹಣ ಎತ್ತಲು ಮೂಲೆಮೂಲೆ ತಲುಪುವವರಿಗೆ ಕಾವಲಿನ ಹೊಣೆ ಯಾಕಿಲ್ಲ?

ಮಕ್ಕಳ ವಿಷಯದಲ್ಲಂತೂ ಕಾನೂನು ಆಗಲೇ ಇತ್ತು. ತೀರ್ಪಿಗೆ ಹದಿನಾರು ದಿನ ಮೊದಲು, ನವೆಂಬರ್ 14ರಂದು ಪೋಕ್ಸೊ ಜಾರಿಗೆ ಬಂದಿತ್ತು. ಹದಿನೆಂಟು ತುಂಬದವರ ಮೈಯನ್ನು ಲೈಂಗಿಕ ಉದ್ದೇಶದಿಂದ ಮುಟ್ಟಿದರೆ ಕನಿಷ್ಠ 3 ವರ್ಷ ಜೈಲು. ಬಟ್ಟೆಯ ಮೇಲಿಂದ ಮುಟ್ಟಿದರೂ ಅಪರಾಧವೇ ಎಂದು 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ ಎಂದೂ ಆ ಕಾಯ್ದೆಯಲ್ಲಿದೆ. ತೀರ್ಪಿನ ನಿರ್ದೇಶನಗಳು ಹುಡುಗಿಯರನ್ನು ಪ್ರತ್ಯೇಕವಾಗಿ ಎಣಿಸಿಲ್ಲ. ಎಣಿಸಿದ್ದರೆ ಸಂತೆಯೂ ನೆನಪಾಗುತ್ತಿತ್ತೇನೋ.

ಸುಂಕದ ಹರಾಜಿನ ಷರತ್ತುಗಳಲ್ಲಿ ಇನ್ನೆರಡನ್ನು ಸೇರಿಸಲು ದೆಹಲಿಯ ತೀರ್ಪಿಗೆ ಕಾಯಬೇಕಿಲ್ಲ. ಸಂತೆಯ ದಿನ ಇಬ್ಬರು ಹೆಂಗಸರು ಕಾವಲಿಗಿರಬೇಕು. ದೂರು ಬಂದಾಗ ಠಾಣೆಗೆ ಮುಟ್ಟಿಸದ ಗುತ್ತಿಗೆದಾರರಿಗೆ ಮುಂದಿನ ಹರಾಜಿನಲ್ಲಿ ಕೂಗುವ ಅವಕಾಶ ಇರಬಾರದು.